ಎಷ್ಟು ಸೆಕೆಂಡಿನ ಮೌನ

ಬಿಲ್ಲು ಬಂದದ್ದು ಶನಿವಾರ.
ರಾಯ್ಕರರು ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು:
ಹನ್ನೊಂದು ಸಾವಿರದ ನಾನೂರ ಆರು.
ಬೈತಖೋಲದ ಈ ಶಿಪ್ಪಿಂಗ್ ಆಫೀಸಿನಲ್ಲಿ
ಐದು ಕುರ್ಚಿ, ಮೂರು ಕಂಪ್ಯೂಟರ್, ಒಂದು ಐಎಸ್‌ಡಿಎನ್ ಲೈನು.
ಇಷ್ಟೊಂದು ಮಾತಾಡಿದವರು ಯಾರು?

ಅರ್ಧಕ್ಕರ್ಧ ಕರೆ ನಡುರಾತ್ರಿಯವು.
ಎಲ್ಲರ ಕಣ್ಣೂ ಹೊರಳಿದ್ದು ಬುದವಂತ ಗೌಡನ ಕಡೆಗೆ,
ರಾತ್ರಿ ಪಾಳಿಯವ, ಒಂದು ಕಂಬಳಿ, ಒಂದು ಟಾರ್ಚಿನವ.
ಅವನು ಏನೂ ಹೇಳಲಿಲ್ಲ. ಎಲೆಗೆ ಸುಣ್ಣ ಹಚ್ಚಿದ,
ಎಂದಿಗಿಂತ ತುಸು ಜಾಸ್ತಿಯೇ ಹಚ್ಚಿದ.

ನನ್ನದು ರೂಟರಿನ ಕೆಲಸ.
ನೀಲಿ ಕೇಬಲ್ ಚುಚ್ಚಿ ಕಪ್ಪು ಪರದೆಯ ಮುಂದೆ ಕೂತೆ.
ಅದು ಕೇಳುವುದು ಇಷ್ಟೇ:
ಎಷ್ಟು ಸೆಕೆಂಡು ಸುಮ್ಮನಿದ್ದರೆ
ಮಾತು ಮುಗಿಯಿತೆಂದು ತಿಳಿಯಲಿ?

ಹಿಂದೆ ಅರವತ್ತು ಅಂತ ಬರೆದವನು ನಾನೇ.
ಜಾಣತನ ಅಂದುಕೊಂಡಿದ್ದೆ.
ಟೆಲಿಫೋನಿನವರ ಸೇರು ಮೂರು ನಿಮಿಷದ್ದು,
ಚಿಟಿಕೆ ಅಳೆದರೂ ಸೇರಿನ ದುಡ್ಡು.
ಕೊಟ್ಟ ದುಡ್ಡಿನ ಲೈನನ್ನು ನಾನೇ ಕತ್ತರಿಸಿ,
ಮರುನಿಮಿಷ ಇನ್ನೊಂದು ಸೇರು ಕೊಂಡಿದ್ದೆ.

ಸೇತುವೆ ಬರುವ ಮುಂಚೆ ಅಪ್ಪ ಕಾಳಿ ದಾಟಿಸುತ್ತಿದ್ದ,
ಕೋಡಿಬಾಗದಿಂದ ಸದಾಶಿವಗಡಕ್ಕೆ.
ಹುಟ್ಟು ಎತ್ತುವ ಮುಂಚೆ ದಾರಿಯ ತಿರುವಿಗೊಮ್ಮೆ ನೋಡುವನು,
ಅಲ್ಲೊಂದು ಮೀನಬುಟ್ಟಿ ಅಲುಗಾಡುತ್ತಿದ್ದರೆ ನಿಲ್ಲುವನು.
ಎರಡನೇ ದೋಣಿಯ ಹಗ್ಗ ಬಿಚ್ಚುವುದು
ಮೊದಲಿನದರ ಅಂಚಿಗೂ ನೀರಿಗೂ ನಾಲ್ಕು ಬೆರಳು ಉಳಿದಾಗ.
ಖಾಲಿ ದೋಣಿಗೂ ತೋಳು ಅಷ್ಟೇ ನೋಯ್ತದೆ, ಅನ್ನುತ್ತಿದ್ದ.

ನೂರ ಎಪ್ಪತ್ತು ಸೆಕೆಂಡು, ಬರೆದೆ.
ಎರಡನೇ ಚಾನಲ್: ಮೊದಲಿನದು ಮುಕ್ಕಾಲು ತುಂಬಿದ ಮೇಲೆ.
ಹಡಗಿನ ಕಾಗದಪತ್ರ ಹೋಗುವ ಸಂಜೆ ನಾಲ್ಕಕ್ಕೆ ಮಾತ್ರ
ಎರಡೂ ದೋಣಿ ನೀರಿಗೆ.

ಆದರೂ ರಾತ್ರಿಯ ಕರೆಗಳು?
ಅಲ್ಲೇ ಉಳಿದೆ. ಗೌಡ ಚಾ ತಂದ, ಮಾತು ತರಲಿಲ್ಲ.
ನಾಲ್ಕು ನಿಮಿಷಕ್ಕೊಮ್ಮೆ ಹಸಿರು ದೀಪ ಹತ್ತುತ್ತಿತ್ತು,
ಆರುತ್ತಿತ್ತು, ಹತ್ತುತ್ತಿತ್ತು.
ಪರದೆಯಲ್ಲಿ ಒಂದೊಂದೇ ಸಾಲು ಹಿಡಿದು ಹೋದರೆ
ಮೂಲೆಯ ಕಂಪ್ಯೂಟರು, ಯಾರೂ ಮುಟ್ಟದೆ ಧೂಳು ಕೂತದ್ದು,
ಮಂಗಳೂರಿನ ಹೆಡ್ಡಾಫೀಸನ್ನು ಎಬ್ಬಿಸೆಬ್ಬಿಸಿ ಕೇಳುತ್ತಿತ್ತು:
ಈಗ ಗಂಟೆ ಎಷ್ಟು?

ಗೌಡನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದ.
ಟಾರ್ಚನ್ನು ಕಿಟಕಿಯಾಚೆ, ಧಕ್ಕೆಯ ಕಲ್ಲಿಗೆ ಬಿಟ್ಟ:
'ಭರತಿ ಮೂರನೇ ಮೆಟ್ಲು ಮುಟ್ಟದೆ. ಎರಡೂವರೆ.
ನನ್ ಕೇಳಿದ್ರೆ ಹೇಳ್ತಿದ್ನಲ್ರಾ.'
ಪರದೆಯ ಮೂಲೆಯಲ್ಲಿ ಎರಡು ಇಪ್ಪತ್ತೆಂಟು.

ಒಂದು ಸಾಲು ಸೇರಿಸಿದೆ:
ಗಂಟೆ ಕೇಳುವವರಿಗಾಗಿ ಲೈನು ಏಳತಕ್ಕದ್ದಲ್ಲ.
ದೀಪ ಆರಿತು. ಬೆಳಗಿನ ತನಕ ಆರಿಯೇ ಇತ್ತು.

ಸೋಮವಾರ ರಾಯ್ಕರರು ಗೌಡನ ಎದುರು ಬಂದು ನಿಂತರು,
ಗಂಟಲು ಸರಿಮಾಡಿಕೊಂಡರು,
ಕ್ಯಾಲೆಂಡರ್ ನೋಡಿದರು, ಚಪ್ಪಲಿ ನೋಡಿಕೊಂಡರು.
ನಾನು ಸುಮ್ಮನೆ ಒಳಗೇ ಎಣಿಸುತ್ತಿದ್ದೆ.
ಅರವತ್ತು ದಾಟಿತು. ನೂರು ದಾಟಿತು.
ಗೌಡ ಲೈನು ಕಡಿಯಲಿಲ್ಲ.
ಸುಣ್ಣದ ಡಬ್ಬಿ ತೆರೆದು
ಅವರ ಕಡೆ ಚಾಚಿದ.