ಎರಡು ನಾವು

ಹನ್ನೊಂದು ಕ್ಯಾಸೆಟ್ಟು, ಬಿಸ್ಕೀಟಿನ ಡಬ್ಬಿಯೊಳಗ.
ಧಾರವಾಡದಿಂದ ಚಿಗರಿ ಬಸ್ಸಿನ್ಯಾಗ
ತೊಡಿಮ್ಯಾಲೆ ಇಟಗೊಂಡು ತಂದಿದ್ರು ಕಟಗೇರಿ ಮೇಡಂ.
ಟೇಪಿಗೆ ಬೂಷ್ಟು, ಹಳೇ ರೊಟ್ಟಿಗೆ ಹತ್ತಿಧಂಗ.
‘ಯಾವ ಭಾಷಾರೀ ಇದು?’ ಅಂದೆ.
ಹೆಸರು ಹೇಳಿದ್ರು. ನನ್ನ ನಾಲಗಿ ಹೊರಳಲಿಲ್ಲ.
‘ನಮ್ಮ ನವಲೂರಿಗಿಂತ ಸಣ್ಣ ದ್ವೀಪ.
ಆಡೋ ಮುದುಕರು ಒಂದು ಜೀಪಿನ್ಯಾಗ ಕೂಡತಾರ.’

ಅಪ್ಪನ ಚಿಮಟ ತಗದೆ.
ಮೂಗುನತ್ತಿನ ಹರಳು ಹಿಡೀತಿದ್ದ ಚಿಮಟ
ಕೂದಲಿನಂಥಾ ಟೇಪಿನ ತುದಿ ಹಿಡೀತು.
ಸ್ಪಿರಿಟ್ಟಿನ್ಯಾಗ ಅರಳಿ ಅದ್ದಿ, ಒರಸಿ,
ಗುಂಡಿ ಒತ್ತಿದೆ.

ಮೊದಲು ಬರೇ ಚುರ್ರ್ ಅಂತ ಸಪ್ಪಳ.
ದುರ್ಗದಬೈಲಿನ್ಯಾಗ ಮಿರ್ಚಿ ಕರಿಯಾಕತ್ತಾರ ಅನಕೊಂಡೆ.
ಅಲ್ಲಂತ, ಸಮುದ್ರಂತ.
ಆಮ್ಯಾಲೆ ಒಬ್ಬಾಕಿ ಮುದುಕಿ.
ಆಮ್ಯಾಲೆ ಒಂದು ಹುಂಜ.
ಹುಂಜ ಅಂದದ್ದು ಪೂರಾ ತಿಳೀತು.

ಅಲ್ಲೆ ಎಡ ಬಲ ಇಲ್ಲಂತ.
ಕಡಲಕಡೆ, ಗುಡ್ಡದಕಡೆ, ಅಷ್ಟ.
‘ಆ ಚಾ ಕಪ್ಪು ಕಡಲಕಡೆ ಸರಸ್ರಿ’ ಅಂದ್ರು ಮೇಡಂ, ನಗಚಾಟಿಗೆ.
ಗಣೇಶಪೇಟಿ ಮೀನಿನ ಮಾರ್ಕೆಟ್ಟಿನ ದಿಕ್ಕಿಗೆ ಸರಿಸಿದೆ.
ಕಾರವಾರದ ಐಸು ನಸಿಕಿನ್ಯಾಗ ಇಳಿಯೋದು ಅಲ್ಲೇ.
ಸಮುದ್ರ ಅಂದ್ರ ನನಗ ಅಷ್ಟ ಗೊತ್ತು.

‘ಇನ್ನೊಂದು ಕೇಳ್ರಿ. ಇವರಿಗೆ ನಾವು ಅನ್ನಾಕ ಎರಡು ಮಾತು.
ಕೇಳಾವನ್ನೂ ಸೇರಿಸಿಕೊಂಡ್ರ “ಕಿತ”.
ಕೇಳಾವನ್ನ ಬಿಟ್ಟು ಉಳದವರು “ಕಮಿ”.’
ಕಮಿ ಅಂದ್ರ ಒಬ್ಬನ್ನ ಕಮ್ಮಿ ಮಾಡಿದ ನಾವು.
ನೆನಪಿಡಾಕ ಸಸಾರ ಆತು.
ಕೈಯಾಗಿನ ಸೋಲ್ಡರಿಂಗ್ ಕಡ್ಡಿ
ಟೇಬಲ್ ಸುಡಾಕತ್ತಿದ್ದು ಮೇಡಂ ತೋರಿಸಿದ ಮ್ಯಾಲೆ ಕಂಡೆ.

ಹೋದ ಗುರುವಾರ ಮೋನಪ್ಪಣ್ಣನ ಫೋನು:
‘ನಾವು ಅಂಗಡಿ ಮಾರಬೇಕು ಅಂತ ಮಾಡೇವಿ.’
ಅಷ್ಟ ಅಂದ. ಇಟ್ಟ.
ಎಂಟು ದಿನ ಆತು, ಆ ಮಾತು ಬಿಚ್ಚತೀನಿ, ಜೋಡಸತೀನಿ,
ಒಂದು ಸ್ಕ್ರೂ ಎಲ್ಲಿ ಉರುಳೇತೋ ಸಿಗವಲ್ದು.
ನಾವು ಅಂದ್ರ ಅಂವಾ ಮತ್ತ ವೈನಿ ಏನು?
ಅಂವಾ ಮತ್ತ ಎಪಿಎಂಸಿ ದಲಾಲಿ?
ಇಲ್ಲಾ, ಇದ ಸ್ಟೂಲಿನ ಮ್ಯಾಲೆ
ಒಂದ ಕಪ್ಪಿನ ಚಾ ಬಸಿಯೊಳಗ ಹಂಚಿಕೊಂಡ
ನಾವೂನೋ?
ಬಾಗಲದ ಮ್ಯಾಲೆ ಬೋರ್ಡು ಇನ್ನೂ ‘ಪತ್ತಾರ ಬ್ರದರ್ಸ್’ ಅಂತನ ಐತಿ.
ಕನ್ನಡದ ಮ್ಯಾಲೆ ಜೀವನದಾಗ ಒಮ್ಮೆ ಸಿಟ್ಟು ಬಂತು.

ಮೇಡಂ ರಸೀದಿ ತಗೊಂಡು ಹ್ವಾದ್ರು.
ಏಳನೇ ಕ್ಯಾಸೆಟ್ಟು ತಿರಗಾಕತ್ತಿತ್ತು.
ಮುದುಕಿ ಯಾರಿಗೋ ಏನೋ ಬೈಯಾಕತ್ತಿದ್ಲು,
ನಡನಡಕ ಕಿತ, ಕಿತ ಅಂತ.
ಬೈಯೋದರಾಗೂ ಅವನ್ನ ಒಳಗ ಇಟಗೊಂಡಿದ್ಲು.

ಅಣ್ಣನ ನಂಬರ್ ಹಚ್ಚಿದೆ.
‘ಹಲೋ’ ಅಂದ. ನನಗ ಮಾತು ಬರಲಿಲ್ಲ.
ಫೋನು ಸ್ಪೀಕರಿಗೆ ಹಿಡದೆ.
ಸಮುದ್ರ. ಮುದುಕಿ. ಹುಂಜ.
ಬಾಳ ಹೊತ್ತು ಸುಮ್ಮನಿದ್ದ.

‘ಯಾರ ಮನೀ ಹುಂಜಲೇ ಅದು?’ ಅಂದ.