ಬತುಮಿಯಲ್ಲಿ ಯಾರಿದ್ದಾಳೆ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ,
ಕೊನೆಗೆ ಹೇಳಿದರೆ ಕತೆ ಕಟ್ಟಿದಂತಾಗುತ್ತದೆ.

ರುಸ್ತಾವಿಯ ನೋಂದಣಿ ಅಂಗಳ, ಮಾರ್ಚ್ ತಿಂಗಳು.
ಹಡಗಿನಿಂದ ಇಳಿದ ಕಾರುಗಳು
ಯಾವುದೋ ದೇಶದ ಗುದ್ದು, ಯಾವುದೋ ಊರಿನ ನೆರೆ ಮರೆತು
ತಗಡು ಬಡಿಸಿಕೊಂಡು, ಬಣ್ಣ ಬಳಿಸಿಕೊಂಡು
ಎರಡನೇ ಸಂಬಂಧದ ಮದುಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.
ಹಲ್ಲುಜ್ಜುವ ಬ್ರಷ್ಷಿನಿಂದ ಜಿಡ್ಡು ಕೆರೆದು, ಟಾರ್ಚು ಬಿಟ್ಟು
ಹದಿನೇಳು ಅಕ್ಷರದ ಚಾಸಿ ನಂಬರು ಓದುವುದು ನನ್ನ ಕೆಲಸ.
ಐ, ಓ, ಕ್ಯೂ ಅದರಲ್ಲಿ ಬರಕೂಡದು,
ಒಂದೋ ಸೊನ್ನೆಯೋ ಎಂದು ಕಣ್ಣು ಮೋಸಹೋಗುತ್ತದಂತೆ.
ಇಷ್ಟೆಲ್ಲ ಯೋಚಿಸಿದವರು
ಒಂದೇ ವರ್ಷದ, ಒಂದೇ ಬೆಳ್ಳಿ ಬಣ್ಣದ ಎರಡು ಪ್ರಿಯಸ್
ಒಂದರ ಬಾಲಕ್ಕೊಂದು ಮೂತಿಯಿಟ್ಟು ನಿಂತರೆ
ಏನು ಮಾಡಬೇಕೆಂದು ಬರೆದಿರಲಿಲ್ಲ.

ಚಹಾ ಆರುತ್ತಿತ್ತು. ನಂಬರ್ ಪ್ಲೇಟು ಕೊಟ್ಟೆ,
ಇದರದು ಅದಕ್ಕೆ, ಅದರದು ಇದಕ್ಕೆ.

ಎಂಟು ತಿಂಗಳು ಯಾರೂ ನೋಡಲಿಲ್ಲ.
ಬೆನ್ನ ಮೇಲಿನ ಮಚ್ಚೆ ಅದು,
ಕಾಣುವುದು ಹಿಂದೆ ಬಂದವರಿಗೆ.

ಕುತೈಸಿಯ ಉಶಾಂಗಿ ಪಿಯಾನೋಗಳಿಗೆ ಶ್ರುತಿ ಕೂಡಿಸುವವನು,
ಜನ್ಮದಲ್ಲಿ ಐವತ್ತರ ಮೇಲೆ ಓಡಿಸಿದವನಲ್ಲ.
ಅವನ ಹೆಸರಿಗೆ ಬತುಮಿಯಿಂದ ದಂಡದ ಚೀಟಿ:
ರಾತ್ರಿ ಮೂರೂ ಹತ್ತು,
ಅರವತ್ತರ ರಸ್ತೆಯಲ್ಲಿ ತೊಂಬತ್ತಾರು.
ಮತ್ತೆ ಮುಂದಿನ ವಾರ. ಮತ್ತೆ.
ಹೆಂಡತಿ ತ್ಸಿತ್ಸಿನೋ ಚೀಟಿಗಳನ್ನು ಇಸ್ಪೀಟೆಲೆಯಂತೆ ಹರಡಿ ಕೇಳಿದಳಂತೆ:
‘ಬತುಮಿಯಲ್ಲಿ ಯಾರಿದ್ದಾಳೆ?’
‘ಯಾರೂ ಇಲ್ಲ, ನಿನ್ನ ಪಕ್ಕದಲ್ಲೇ ಮಲಗಿದ್ದೆನಲ್ಲೇ.’
‘ಮಲಗಿದ್ದವಳಿಗೆ ಏನು ಗೊತ್ತು.’

ಫೋಟೋದ ನಂಬರನ್ನು ಕಾರ್ಡಿಗೆ ಹಿಡಿದು ನೋಡಿದ. ತಾಳೆಯಾಯಿತು.
ಕಾರಿಗೆ ಹಿಡಿದು ನೋಡಬೇಕೆಂದು ತೋಚಲಿಲ್ಲ;
ಕಾಗದವೇ ಹೇಳಿದ ಮೇಲೆ ಕಾರಿನದೇನು ಸಾಕ್ಷಿ?
ಮೂರನೇ ತಿಂಗಳಿಗೆ ತನ್ನ ಮೇಲೆ ತನಗೇ ಅನುಮಾನ,
ಮಲಗುವ ಮುಂಚೆ ಕಿಲೋಮೀಟರು ಬರೆದಿಟ್ಟು
ಬೆಳಿಗ್ಗೆ ಬರಿಗಾಲಲ್ಲಿ ಇಳಿದು ನೋಡುತ್ತಿದ್ದನಂತೆ.

ಕೊನೆಗೆ ವಿಮೆಯ ಹುಡುಗನೊಬ್ಬ
ಷೂ ಲೇಸು ಕಟ್ಟಲು ಆ ಕಾರಿನ ಹಿಂದೆ ಕೂತ.

ನವೆಂಬರಿನಲ್ಲಿ ಇಬ್ಬರೂ ನನ್ನ ಕಿಟಕಿಯೆದುರು.
ಅವಳು ನಾಜಿಬ್ರೋಲಾ, ಸೂಲಗಿತ್ತಿ. ಕೈಯಲ್ಲಿ ಅವಳದೇ ಒಂದು ಕಟ್ಟು:
ಕುತೈಸಿಯ ಸಂಗೀತ ಶಾಲೆಯೆದುರು ತಪ್ಪು ಪಾರ್ಕಿಂಗು, ಹನ್ನೊಂದು ಸಲ.
ತಕರಾರಿಲ್ಲದೆ ಎಲ್ಲ ಕಟ್ಟಿದ್ದಾಳೆ.
‘ಎಲ್ಲೋ ನಿಲ್ಲಿಸಿ ಮರೆತಿರಬೇಕು ಅಂದುಕೊಂಡೆ.’
‘ಕುತೈಸಿಗೆ ಹೋದದ್ದೂ ಮರೆತಿರಾ?’
‘ನಿದ್ದೆಗೆಟ್ಟ ತಲೆ. ಹೋಗಿದ್ದರೂ ಹೋಗಿದ್ದೆ.’

ಆಮೇಲೆ ಅವನ ಚೀಟಿಗಳನ್ನು ತೆಗೆದುಕೊಂಡು
ತಾರೀಕಿನ ಮೇಲೆ ಬೆರಳಿಟ್ಟು ಓದತೊಡಗಿದಳು,
‘ಇದು ಮಖಿಂಜೌರಿಯ ಅವಳಿ.
ಇದು ನಾನು ಬಾಗಿಲು ತಟ್ಟುವ ಮೊದಲೇ ಅತ್ತದ್ದು.
ಇದರ ಅಪ್ಪ ನನಗೊಂದು ಬಾತುಕೋಳಿ ಕೊಟ್ಟ.’
ಒಂದು ಚೀಟಿಯಲ್ಲಿ ಬೆರಳು ನಿಂತಿತು.
ನೂರ ಹನ್ನೆರಡರ ವೇಗ.
ಏನೂ ಅನ್ನದೆ ಅದನ್ನು ಕಟ್ಟಿನ ಅಡಿಗೆ ಸೇರಿಸಿದಳು.

ಮರುಪಾವತಿಯ ಅರ್ಜಿ ತುಂಬುತ್ತಿದ್ದ ಉಶಾಂಗಿ
ಆ ಒಂದನ್ನು ಬರೆಯಲಿಲ್ಲ.
ಚೀಟಿ ಹದಿನಾಲ್ಕು, ಸಾಲು ಹದಿಮೂರು.
ಎಣಿಸುವುದು ನನ್ನ ಕೆಲಸ; ಎಣಿಸಿದೆ;
ಕೇಳದೆ ಮುದ್ರೆ ಒತ್ತಿದೆ.
ಅವಳು ಎಲ್ಲದರ ನಕಲು ಬೇಕೆಂದಳು.
ಪುಟಕ್ಕೆ ಇಪ್ಪತ್ತು ತೆತ್ರಿ ಅಂದೆ,
ಅಷ್ಟಕ್ಕೆ ನಾಚಿಕೆಯಾಯಿತು, ಆದರೂ ತೆಗೆದುಕೊಂಡೆ.

ಪ್ಲೇಟು ಬದಲಿಸಲು ಹಿಡಿದದ್ದು ಹತ್ತು ನಿಮಿಷ.
ಒಂದು ತಿರುಪು ಉಳಿಯಿತು, ಯಾವ ಕಾರಿನದೋ.

ಅಲ್ಲಿಯವರೆಗೂ ಕಾರಿನಿಂದ ಇಳಿಯದೆ ಕೂತಿದ್ದ ತ್ಸಿತ್ಸಿನೋ
ಆಗ ಇಳಿದಳು.
ನಾಜಿಬ್ರೋಲಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ
ಗಂಡನ ಕಡೆ ತಿರುಗಿದಳು:
‘ಯಾರೂ ಇಲ್ಲ ಅಂದಿದ್ದೆಯಲ್ಲ?’