ನೀಲಿ ಹೆಬ್ಬೆಟ್ಟು

ಮೊದಲನೇ ಮಾತು ಮೇಡಂ, ಅದು ಹಂಗ ಹರಿಯೂದಿಲ್ಲ.
ಮುನಿಸಿಕೊಂಡು ಹೊಂಟ ಅವನ ಪ್ಯಾಂಟಿನ ಲೂಪಿಗೆ
ಬೆರಳು ಸಿಗಿಸಿ ಆಕಿ ಜಗ್ಗಿದಳು,
ಲೂಪು ಕಿತ್ತು ಕೈಗೆ ಬಂತು,
ಇಬ್ಬರೂ ನಕ್ಕರು, ರಾಜಿ ಆತು ಅಂತ ಬರದೀರಿ.
ಕೌಲ್ ಬಜಾರಿನ ಶೆಡ್ಡಿನಾಗ ಹನ್ನೊಂದು ವರ್ಷದಿಂದ
ನಾನು ಲೂಪು ಹಚ್ಚಾಕಿ.
ಪ್ಯಾಂಟಿಗೆ ಐದು. ಮ್ಯಾಲೊಂದು ಟ್ಯಾಕು, ಕೆಳಗೊಂದು ಟ್ಯಾಕು.
ಹೋರಿ ಕಟ್ಟಿ ಜಗ್ಗಿದರೂ ಬರೂದಿಲ್ಲ.
ಪ್ರೀತಿಗೆ ಅಷ್ಟು ತಾಕತ್ತು ಐತಿ ಅಂದರ
ಇರಲಿ, ಒಪ್ಪತೀನಿ.
ಆ ದಾರ ಮಾತ್ರ ನಮ್ಮ ಬಳ್ಳಾರಿದಲ್ಲ.

ಮತ್ತ ಅವನ ಮೊಣಕಾಲು.
'ಬದುಕು ಸವೆಸಿದ ಜೀನ್ಸು', ಒಂಬತ್ತನೇ ಪುಟ.
ಬದುಕಲ್ಲರೀ, ಮರಳುಕಾಗದ.
ನಮ್ಮ ಗಾದಿಲಿಂಗ ಬಾಯಿಗೆ ಹಸಿ ಟವೆಲು ಕಟ್ಟಿಕೊಂಡು
ಹೊಸಾ ಬಟ್ಟಿ ಉಜ್ಜಿ ಉಜ್ಜಿ ಹಳೇದು ಮಾಡತಾನ,
ದಿನಕ್ಕ ಇನ್ನೂರು ಮೊಣಕಾಲು.
ಐತವಾರ ಅವನ್ನ ಮೋತಿ ಸರ್ಕಲ್ಲಿನಾಗ ನೋಡಬೇಕು ನೀವು:
ಕರೀ ಪ್ಯಾಂಟು, ಇಸ್ತ್ರಿ ಗೆರಿ ಮುರದೀತಂತ
ಕಾಲು ಮಡಚದ ನಿಂತೇ ಮಿರ್ಚಿ ತಿಂತಾನ.
ಅಂಥವನ್ನ ಯಾರಾರ ಪ್ರೀತಿ ಮಾಡಿದರ
ಅದನ್ನ ಬರೀರಿ.

ಒಂದು ಫೋನು ಮಾಡಿದ್ದರ ಮುಗೀತಿತ್ತು
ಎಂಬತ್ತು ಪುಟದ ಅನುಮಾನ.
ಕಾರಿನಾಗ ಕುಂತಿದ್ದಾಕಿ ಅವನ ಅಕ್ಕ ಅಂತ
ನನಗ ಮೊದಲೇ ಗೊತ್ತಾಗಿತ್ತು,
ಬಾಜೂ ಮಿಷನ್ನಿನ ಹೊನ್ನೂರ್‌ಬೀಗೂ ಗೊತ್ತಾಗಿತ್ತು,
ಓದಾಕ ಬರದ ಸುಂಕಮ್ಮಗ ಬರೇ ಕತಿ ಹೇಳಿದ್ದಕ್ಕ ಗೊತ್ತಾತು.
ನಿಮ್ಮ ನಾಯಕಿ ಎಂ.ಬಿ.ಎ. ಓದ್ಯಾಳ.

ಬೈಯಾಕ ಕುಂತೀನಂತ ತಿಳೀಬ್ಯಾಡರಿ.
ನನ್ನ ಅಕ್ಕನ ಮಗಳು, ಕಾಲೇಜಿನಾಕಿ,
'ಇಂಥಾವೆಲ್ಲ ಯಾಕ ಓದತಿ ಚಿಗವ್ವ' ಅಂತ ಮೂಗು ಮುರದಾಗ
ಆಕಿ ಕೂಡ ಎರಡು ದಿನ ಮಾತು ಬಿಟ್ಟೆ.
ಕರೆಂಟು ಹೋಗಿ ಮಿಷನ್ನು ನಿಂತಾಗ,
ನಲವತ್ತೆರಡು ಡಿಗ್ರಿಯಾಗ, ತಗಡಿನ ಕೆಳಗ,
ಒಬ್ಬಾತ ಒಬ್ಬಾಕಿಗೆ 'ದಣದೀಯೇನು' ಅಂತ ಕೇಳೂದನ್ನ
ಓದಿದರ ಯಾರಪ್ಪನ ಗಂಟು ಹೋಗತೈತಿ?

ಬ್ರೂಸ್‌ಪೇಟೆ ಜಡೆಪ್ಪನ ಅಂಗಡಿ ಪುಸ್ತಕ ಇದು.
ಅರ್ಧ ಜೆರಾಕ್ಸು, ಅರ್ಧ ಬಾಡಿಗಿ ಕಾದಂಬರಿ ಅವನ ಧಂದೆ.
ನನಗಿಂತ ಮೊದಲು ಓದಿದವರೆಲ್ಲ ನಮ್ಮಂಥವರೇ.
ಸಬಕಾರಕ್ಕ ಬಿಡದ ಬಣ್ಣ ನಮ್ಮ ಕೈಯಾಗಿಂದು,
ಯಾರು ಎಲ್ಲಿ ತಡದು ನಿಂತರು ಅಂತ
ಹಾಳಿ ಮ್ಯಾಲೆ ಹೇಳತೈತಿ.
ಮುತ್ತು ಕೊಟ್ಟ ಪುಟ ಬೆಳ್ಳಗ ಐತಿ ಮೇಡಂ, ದಾಟಿ ಹೋಗ್ಯಾರ.
ಉಂಗುರದ ಪುಟಕ್ಕ ಒಂದೇ ಗುರುತು, ಅದೂ ಅರ್ಧ.
ನೂರಾ ಹನ್ನೆರಡಕ್ಕ ಬಂದರ
ಅಂಚು ತುಂಬ ನೀಲಿ ಹೆಬ್ಬೆಟ್ಟು,
ಒಂದರ ಮ್ಯಾಲೊಂದು, ಎಣಿಸಾಕ ಬರೂದಿಲ್ಲ.
ಅಲ್ಲೇನೈತಿ ಅಂದರ,
ದವಾಖಾನಿಗೆ ಆಕಿ ಕಳಿಸಿದ್ದ ಬುತ್ತಿ ಡಬ್ಬಿ
ಅವನು ತಾನೇ ತೊಳದು, ಒರಸಿ,
ವಾಸನಿ ಹಿಡೀಬಾರದಂತ ಮುಚ್ಚಳ ಬ್ಯಾರೆ ಇಟ್ಟು
ತಂದು ಕೊಡತಾನ.
ಒಂದೇ ಸಾಲು. ನೀವು ಬರದು ಮರತೀರಿ,
ಮುಂದಿನ ಸಾಲಿಗೇ ಕಾರು ಹತ್ತೀರಿ.
ನಾವು ಅಲ್ಲೇ ಕುಂತೀವಿ.
ಸುಂಕಮ್ಮ 'ಎಲ್ಲೈತಿ ತೋರಸು' ಅಂದಳು.
ತೋರಿಸಿದೆ.
ಅಂಚಿಗಲ್ಲ, ಅಕ್ಷರದ ಮ್ಯಾಲೇ
ಹೆಬ್ಬೆಟ್ಟು ಇಟ್ಟಳು,
ಕೂಸಿಗೆ ಜ್ವರ ಐತೇನಂತ ನೋಡಿದಂಗ.

ಮದುವಿ ಆದಮ್ಯಾಲಿಂದು ಒಂದು ಅಧ್ಯಾಯ ಕೊಡರಿ ಸಾಧ್ಯ ಆದರ.
ಹತ್ತು ದಿನಕ್ಕೊಮ್ಮೆ ನಡುರಾತ್ರಿ ನಲ್ಲಿ ಬಂದಾಗ
ಯಾರು ಏಳತಾರ, ಯಾರನ್ನ ಎಬ್ಬಿಸದ ಬಿಡತಾರ.
ನನ್ನ ಗಂಡ ಹಂಗ ಒಬ್ಬನೇ ಎದ್ದು ಡ್ರಮ್ಮು ತುಂಬಿಸಿದ್ದ,
ಒಮ್ಮೆ.
ವಾರ ಸಹಿತ ನೆನಪೈತಿ.

ಕೊನಿಗೆ ಏನಾಕ್ಕೈತಿ ಗೊತ್ತು.
ಆದರೂ ನಲವತ್ತು ಪುಟ ಉಳಿಸಿಕೊಂಡೀನಿ, ದಿನಕ್ಕ ನಾಕರಂಗ.
ಕರೆಂಟು ಬಂತು, ಸೂಪರ್‌ವೈಜರ್ ಕೂಗಾಕ ಹತ್ಯಾನ.
ಗುರುತಿಗೆ ನಡುವ ಇಟ್ಟು ಮುಚ್ಚೀನಿ
ಒಂದು ರಿಜೆಕ್ಟು ಲೂಪು,
ಟ್ಯಾಕು ಬೀಳದ್ದು.